ಏಡಿಯೆಂದರೆ ಕಾಲು ಮಾತ್ರ

ಕಾನೂನಿನ ದೃಷ್ಟಿಯಲ್ಲಿ ಏಡಿಯೆಂದರೆ ಅದರ ಕಾಲುಗಳು. ಕ್ಯಾಡ್ಮಿಯಂ ಎಂಬ ವಿಷಲೋಹ ಎಷ್ಟಿರಬಹುದೆಂದು ಕಾಲಿನ ಬಿಳಿ ಮಾಂಸಕ್ಕೆ ಮಾತ್ರ ಮಿತಿ ಗೊತ್ತುಮಾಡಲಾಗಿದೆ. ಚಿಪ್ಪಿನೊಳಗಿನ ಕಂದು ತಿರುಳಿನ ಬಗ್ಗೆ ಕಾನೂನು ತುಟಿ ಬಿಚ್ಚಿಲ್ಲ.

ಉತ್ತರ ನಾರ್ವೆಯ ಸ್ಕಾರ್‌ವೈ ದ್ವೀಪದ ಆಹಾರ ಪರೀಕ್ಷಕ ತೂರ್ಲೈಫ್‌ಗೆ ಇದೆಲ್ಲ ಬಾಯಿಪಾಠ. ಏಡಿಹಬ್ಬದ ವಾರ ಬಂದ ವರದಿಯಲ್ಲಿ ಕಾಲು ಅಪ್ಪಟ ಚಿನ್ನ. ತಿರುಳಿನಲ್ಲಿ ಮಾತ್ರ ಬ್ಯಾಟರಿ ಕಾರ್ಖಾನೆಗೆ ಸಾಲುವಷ್ಟು ಲೋಹ. ಊರವರು ಪ್ರಾಣ ಬಿಡುವುದೂ ಅದೇ ತಿರುಳಿಗೆ. ಅದನ್ನು ಬಿಳಿ ಬ್ರೆಡ್ಡಿಗೆ ದಪ್ಪಗೆ ಬಳಿದು ತಿನ್ನದಿದ್ದರೆ ಅವರಿಗೆ ಹಬ್ಬವೇ ಅಲ್ಲ. ತೂರ್ಲೈಫ್‌ನ ಬಸುರಿ ಮಗಳು ಸಿಗ್ರುನ್‌ಗೆ ಈಗ ಏಳು ತಿಂಗಳು, ಚಿಪ್ಪು ಕಂಡರೆ ಅವಳಿಗೆ ಜಗತ್ತೇ ಬೇಡ. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ವರದಿ ಹಿಡಿದು ಮೇಲಧಿಕಾರಿ ಗುನ್‌ವೋರ್ ಬಳಿ ಹೋದ.

"ಮೇಡಂ, ತಿರುಳು ಮಿತಿ ಮೀರಿದೆ."

"ಯಾವ ಮಿತಿ?"

"ಮಿತಿ ಅಂತ... ಇಲ್ಲ."

"ಇಲ್ಲದ್ದನ್ನ ಹೆಂಗಪ್ಪಾ ಮೀರುತ್ತೆ? ಸುಮ್ನೆ ಏಡಿ ಮೇಲೆ ಗೂಬೆ ಕೂರಿಸ್ಬೇಡ."

"ಬಸುರಿ ಹೆಂಗಸರು ತಿಂದ್ರೆ?"

"ಒಂದು ಪ್ರಕಟಣೆ ಹಾಕ್ಸೋಣ. ಹಬ್ಬ ಕೆಡಬಾರ್ದು, ಅಷ್ಟೇ."

ಪ್ರಕಟಣೆ ಹೊರಬಿತ್ತು: 'ಕಂದು ತಿರುಳು ಆಹಾರದ ವ್ಯಾಖ್ಯೆಗೆ ಒಳಪಡದ ಕಾರಣ ಊಟದ ವೇಳೆ ಸೇವಿಸತಕ್ಕದ್ದಲ್ಲ. ಊಟ ಮುಗಿದಿದೆಯೆಂದು ಪುರಾಧ್ಯಕ್ಷರು ಘೋಷಿಸಿದ ತರುವಾಯ ನಡೆಯುವುದಕ್ಕೆ ಇಲಾಖೆ ಹೊಣೆಯಲ್ಲ.' ಕೆಳಗೆ ತೂರ್ಲೈಫ್‌ನ ಸಹಿ. ಹಾಕದಿದ್ದರೆ ಹಬ್ಬವಿಲ್ಲ, ಹಬ್ಬ ನಿಲ್ಲಿಸಿದವನಿಗೆ ಆ ಊರಲ್ಲಿ ನೀರೂ ಹುಟ್ಟುವುದಿಲ್ಲ.

ಹಬ್ಬದ ದಿನ ಜನ ಶಿಸ್ತಿನಿಂದ ಕಾಲು ಮುರಿದು ತಿಂದರು. ಪುರಾಧ್ಯಕ್ಷರು ಎದ್ದು "ಊಟ ಮುಗೀತು" ಅಂದರು. ಎಲ್ಲರೂ ಬಾಯಿ ಒರೆಸಿಕೊಂಡು, ವಾಡಿಕೆಯಂತೆ ಊಟಕ್ಕೆ ಧನ್ಯವಾದ ಹೇಳಿ, ಕುರ್ಚಿ ಹಿಂದೆ ಸರಿಸಿ ಎದ್ದು ನಿಂತರು. ಆಮೇಲೆ ಕುರ್ಚಿ ಮುಂದೆಳೆದು ಕೂತು ಚಿಪ್ಪು ತೆರೆದರು.

ಸಿಗ್ರುನ್ ಚಮಚ ಎತ್ತಿಕೊಂಡಳು.

"ಬೇಡ ಮಗಳೇ, ಅದನ್ನ ಬಿಟ್ಬಿಡು," ತೂರ್ಲೈಫ್ ಪಿಸುಗುಟ್ಟಿದ.

"ಯಾಕಪ್ಪಾ, ವಿಷಾನಾ?"

ಅಕ್ಕಪಕ್ಕದ ಮೇಜಿನವರು ಚಮಚ ಕೆಳಗಿಟ್ಟರು. ಗುನ್‌ವೋರ್ ಇತ್ತ ತಿರುಗಿ ನೋಡಿದಳು.

"ಹಾಗಲ್ಲ... ಊಟ ಆದ್ಮೇಲೆ ಹೊಟ್ಟೆ ಭಾರ ಆಗುತ್ತೆ ಅಂತ."

"ಇದು ಆಹಾರಾನೇ ಅಲ್ವಂತಲ್ಲ, ಭಾರ ಎಲ್ಲಿಂದ ಬರುತ್ತೆ? ನೀನೇ ಸಹಿ ಹಾಕಿದ್ದೀಯ."

ಎಲ್ಲರೂ ನಕ್ಕರು. ಅವನೂ ನಕ್ಕ. ಮಗಳು ತಿರುಳನ್ನು ಬ್ರೆಡ್ಡಿನ ಅಂಚಿನವರೆಗೂ ಬಳಿದಳು. ತೂರ್ಲೈಫ್ ಅವಳತ್ತ ನಿಂಬೆಹೋಳು ಸರಿಸಿದ.