ಮೂರು ಪಾಯಿಂಟ್ ಬಿಳುಪು

ಮನುಷ್ಯರ ಮೈಬಣ್ಣದ ವಿಷಯದಲ್ಲಿ ನಾನು ಭೇದಭಾವ ಮಾಡುವವಳಲ್ಲ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಹಾಗೆ ನಂಬುವುದಕ್ಕೆ ಶ್ರಮವೇನೂ ಇಲ್ಲ. ಟಿ.ವಿ.ಯಲ್ಲಿ ಯಾವುದೋ ದೂರದ ದೇಶದ ಕರಿ ಹುಡುಗಿ ಮಿಂಚಿನ ಹಾಗೆ ಓಡಿ ಗೆದ್ದರೆ ನಾನೂ ಕೈ ತಟ್ಟುತ್ತೇನೆ. ನಮ್ಮ ದೇಶದ ಹುಡುಗಿಯರು ಗೆದ್ದರಂತೂ ಕಣ್ಣಲ್ಲಿ ನೀರೇ ಬರುತ್ತದೆ. ಆ ನೀರು ಆರುವ ಮೊದಲೇ ಜಾಹೀರಾತು ಬರುತ್ತದೆ: ಬಿಸಿಲಿಗೆ ಹೋಗಿ ಕಪ್ಪಾದ ಮುಖಕ್ಕೆ ಹಚ್ಚುವ ಕ್ರೀಮು. ಬಿಸಿಲಲ್ಲಿ ಓಡಿದವಳಿಗೆ ಚಪ್ಪಾಳೆ, ಅರೆ ನಿಮಿಷ ಕಳೆಯುವುದರೊಳಗೆ ಅದೇ ಬಿಸಿಲಿಗೆ ಮದ್ದು. ದೇಶವೇ ಹೀಗಿರುವಾಗ ಮಾರ್ಕಯನ್‌ಕೋಟ್ಟೈನ ಒಂದು ಮನೆ ಮಾತ್ರ ಬೇರೆ ಥರ ಇರಬೇಕೆಂದು ಯಾರೂ ಬಯಸಬಾರದು. ಆ ಮನೆ ನನ್ನದು, ಆದ್ದರಿಂದ ಈ ಮಾತು ಹೇಳುತ್ತಿದ್ದೇನೆ.

ನಮ್ಮದು ಕನ್ನಡ ಮಾತಾಡುವ ಬೇಸಾಯದ ಮನೆ. ತಮಿಳು ಸೀಮೆಯಲ್ಲಿರುವ ಈ ಕಂಬಂ ಕಣಿವೆಗೆ ನಮ್ಮ ಹಿರಿಯರು ಯಾವ ಕಾಲದಲ್ಲಿ ಬಂದರೋ ಯಾರೂ ಬರೆದಿಟ್ಟಿಲ್ಲ. ಬರುವಾಗ ತಂದ ಮಾತಿನಲ್ಲಿ ಅರ್ಧ ಉಳಿದಿದೆ, ಉಳಿದರ್ಧಕ್ಕೆ ತಮಿಳು ಬಂದು ಕೂತಿದೆ. ಹೆಣ್ಣುಮಕ್ಕಳ ಬಣ್ಣ ಹೇಳುವ ಮಾತುಗಳೆಲ್ಲ ಆ ತಮಿಳರ್ಧಕ್ಕೆ ಸೇರಿದವು. ಬೆಳ್ಳಗಿದ್ದವಳನ್ನು 'ಸೆವಪ್ಪು', ಅಂದರೆ ಕೆಂಪು ಎನ್ನುತ್ತೇವೆ. ಅವಳು ಎಲ್ಲಿಯೂ ಕೆಂಪಗಿರುವುದಿಲ್ಲ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿದ್ದರೆ 'ಮಾನಿರ', ಅಂದರೆ ಮಾವಿನ ಬಣ್ಣ. ಅದು ಯಾವ ಮಾವಿನ ಬಣ್ಣವೋ, ಪೆರಿಯಕುಳದ ಮಾವಿನ ತೋಪಿನವರನ್ನು ಕೇಳಿ ತಿಳಿಯಬೇಕು. ಅದಕ್ಕೂ ಕೆಳಗಿನದಕ್ಕೆ ಹೆಸರೇ ಇಲ್ಲ. ದನಿ ಸ್ವಲ್ಪ ಇಳಿಸಿ, "ಲಕ್ಷಣವಾಗವಳೆ" ಎಂದುಬಿಡುತ್ತೇವೆ. ಕೇಳಿದವರಿಗೆ ಬಣ್ಣ ಗೊತ್ತಾಗುತ್ತದೆ.

ಇದೇ ಬಾಯಿ ಓಡೈಪಟ್ಟಿಯಲ್ಲಿರುವ ನಮ್ಮ ದ್ರಾಕ್ಷಿ ಚಪ್ಪರದ ಕೆಳಗೆ ನಿಂತರೆ ಬೇರೆಯೇ ಮಾತಾಡುತ್ತದೆ. ಅಲ್ಲಿ ಗೊಂಚಲು ಕರ್ರಗಿರಬೇಕು. ಕೆಂಪು ಉಳಿದಿದ್ದರೆ ವ್ಯಾಪಾರಿ ಮೂಗು ಮುರಿಯುತ್ತಾನೆ. "ಇನ್ನ ನಾಕು ದಿನ ಬಿಸ್ಲು ಕುಡೀಲಿ" ಎಂದು ನಾನೇ ಕೊಯ್ಲು ಮುಂದೆ ಹಾಕಿಸಿದ್ದೇನೆ. ನನ್ನ ಮಗಳು ಭುವನಾ ಹಾಗೆ ನಾಲ್ಕು ವರ್ಷ ಬಿಸಿಲು ಕುಡಿದಳು. ಅದನ್ನು ತಡೆಯುವುದು ನನ್ನ ಕೈಯಲ್ಲಿರಲಿಲ್ಲ. ಅವಳು ಕಬಡ್ಡಿ ಆಡುತ್ತಾಳೆ.

ಈಗ ಹನ್ನೊಂದನೇ ತರಗತಿ. ಎದುರಾಳಿಗಳ ಅಂಗಳಕ್ಕೆ ಒಬ್ಬಳೇ ನುಗ್ಗಿ ಮುಟ್ಟಿ ಓಡಿಬರುವ ರೈಡಿನ ಕೆಲಸ ಅವರ ತಂಡದಲ್ಲಿ ಅವಳದು. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ನನ್ನ ಅತ್ತೆಯವರೊಂದಿಗೆ ಮಾತ್ರ ಕಷ್ಟಪಟ್ಟು ಕನ್ನಡ ಆಡುತ್ತಾಳೆ, ಯಾಕೆಂದರೆ ಎಂಬತ್ತು ದಾಟಿದ ಅವರ ಕಿವಿ ಮಂದವಾಗಿದ್ದು, ಕೇಳುವಷ್ಟು ಕನ್ನಡದಲ್ಲೇ ಕೇಳುತ್ತದೆ. ಕಳೆದ ವರ್ಷ ತೇನಿಯಲ್ಲಿ ಗೆದ್ದ ದಿನ ಭುವನಾ ಅಲ್ಲಿಂದಲೇ ಅಜ್ಜಿಗೆ ಫೋನು ಮಾಡಿದಳು. ನಮ್ಮ ಕಡೆ ತಮಿಳಿನಲ್ಲಿ ಬಹುಮಾನದ ಕಪ್‌ಗೂ 'ಕಪ್ಪು' ಎಂದೇ ಹೇಳುತ್ತಾರೆ. ತೊಂದರೆ ಅಲ್ಲಿಂದ ಶುರುವಾಯಿತು.

"ಅಜ್ಜೀ, ಕಪ್ಪು ಬಂತು" ಎಂದಳು.

"ಬರ್ದೆ ಇನ್ನೇನು ನನ್ ಕಣ್ಣೇ. ದಿನಾ ಬಿಸ್ಲಾಗೆ ಬಿದ್ದು ಒದ್ದಾಡುದ್ರೆ ಕಪ್ಪು ಬರ್ದೆ ಕೆಂಪು ಬತ್ತದಾ" ಎಂದರು ಅತ್ತೆ.

"ಅದಲ್ಲ ಅಜ್ಜೀ, ದೊಡ್ಡ ಕಪ್ಪು."

"ಅಯ್ಯೋ ಸಿವನೆ, ದೊಡ್ಡದಾಗೇ ಬಂತಾ" ಎಂದು ಅತ್ತೆ ಫೋನನ್ನು ನನ್ನ ಕೈಗೆ ತುರುಕಿ ಅಡುಗೆಮನೆಗೆ ಹೋದರು. ಭುವನಾ ಮನೆಗೆ ಬರುವಷ್ಟರಲ್ಲಿ ಕಡಲೆಹಿಟ್ಟು, ಕಸ್ತೂರಿ ಅರಿಸಿನ, ಮೊಸರು ಕಲಸಿದ ಬಟ್ಟಲು ತಯಾರಾಗಿತ್ತು. ಆ ಸಂಜೆ ನನ್ನ ಮಗಳು ತೊಡೆಯ ಮೇಲೊಂದು ಕಪ್ಪು ಇಟ್ಟುಕೊಂಡು, ಮುಖದ ಕಪ್ಪಿಗೆ ಹಿಟ್ಟು ಮೆತ್ತಿಸಿಕೊಂಡು ಅಲ್ಲಾಡದೆ ಕೂತಿದ್ದಳು. ನಾನು ನಕ್ಕೆ. ಅತ್ತೆಯವರ ಕಾಲದವರು ಹೀಗೆಯೇ ಎಂದುಕೊಂಡೆ.

ಈ ವರ್ಷ ದಿಂಡಿಗಲ್ಲಿನಲ್ಲಿ ಪಂದ್ಯ ಎಂದಾಯಿತು. ಆಟಗಾರರ ಗುರುತಿನ ಕಾರ್ಡಿಗೆ ಫೋಟೋ ಬೇಕೆಂದು ಪಿ.ಟಿ. ಟೀಚರ್ ಹೇಳಿ ಕಳಿಸಿದರು. ಚಿನ್ನಮನೂರಿನಲ್ಲಿ ನನಗೆ ಬಳಕೆಯ ಒಂದು ಸ್ಟುಡಿಯೋ ಇದೆ. ಅಲ್ಲಿಗೆ ಕರೆದುಕೊಂಡು ಹೋದೆ. ಫೋಟೋ ತೆಗೆದ ಮೇಲೆ ಭುವನಾ ಹೊರಗೆ ಗೆಳತಿಯ ಜೊತೆ ನಿಂತಳು, ನಾನು ಕಂಪ್ಯೂಟರಿನ ಮುಂದೆ ಕೂತೆ. ಸ್ಟುಡಿಯೋದ ಅಣ್ಣ ಬಹಳ ಸೂಕ್ಷ್ಮದ ಮನುಷ್ಯ. ಬಣ್ಣದ ಮಾತೇ ಎತ್ತುವುದಿಲ್ಲ. "ಎಷ್ಟು ಪಾಯಿಂಟ್ ಏರಿಸಲಿ ಅಕ್ಕಾ" ಎಂದು ಕೇಳುತ್ತಾನೆ, ಫ್ಯಾನಿನ ವೇಗ ಕೇಳಿದ ಹಾಗೆ. ನಾನು ಒಂದು ಎಂದೆ. ನೋಡಿದರೆ ಏನೂ ವ್ಯತ್ಯಾಸವಿಲ್ಲ. ಎರಡು ಎಂದೆ. ಸ್ವಲ್ಪ ಬೆಳಕಾಯಿತು. ಬಂದದ್ದು ಬಂದೆವಲ್ಲ ಎಂದು ಮೂರು ಎಂದೆ. ನಾಲ್ಕಕ್ಕೆ ಬಾಯಿ ತೆರೆದಾಗ ಅವನು ಮೌಸಿನ ಮೇಲಿಂದ ಕೈ ತೆಗೆದು, "ಇದಕ್ ಮೇಲ್ ಓದ್ರೆ ಮೂಗು ಕಾಣಾಕಿಲ್ಲ ಅಕ್ಕಾ" ಎಂದ. ಮೂಗು ಇರಲಿ ಎಂದು ಮೂರಕ್ಕೇ ನಿಲ್ಲಿಸಿದೆವು. ಕವರನ್ನು ಅಂಟಿಸಿಯೇ ಟೀಚರ್ ಕೈಗೆ ಕೊಟ್ಟೆ. ಭುವನಾ ನೋಡಲಿಲ್ಲ. ಟೀಚರ್ ನೋಡಿರಬೇಕು, ಆದರೆ ತಂಡದ ಉಳಿದ ಹುಡುಗಿಯರ ಅಮ್ಮಂದಿರೂ ಹೆಚ್ಚು ಕಡಿಮೆ ನನ್ನಂಥವರೇ ಆದ್ದರಿಂದ ಅವರಿಗೆ ಹೊಸತೆನಿಸಿರಲಾರದು.

ಪಂದ್ಯದ ದಿನ ಹುಡುಗಿಯರ ಜೊತೆ ನಾನೂ ಹೊರಟೆ, ಎಲ್ಲರಿಗೂ ಟೊಮೆಟೊ ಅನ್ನ ಕಟ್ಟಿಕೊಂಡು. ಅಂದು ಕ್ರೀಡಾ ಹಾಸ್ಟೆಲಿಗೆ ಹುಡುಗಿಯರನ್ನು ಆರಿಸುವವರು ಬಂದು ಕೂರುತ್ತಾರೆಂದು ಟೀಚರ್ ಹೇಳಿದ್ದರು. ಮುಂದಿನ ವರ್ಷಕ್ಕೆ ಭುವನಾಗೆ ವಯಸ್ಸು ಮೀರುತ್ತದೆ. ಹಾಸ್ಟೆಲಿಗೆ ಸೇರಿದರೆ ಆಟ, ಇಲ್ಲದಿದ್ದರೆ ಪ್ಲಸ್ ಟೂ ಮುಗಿಸಿ ಎಲ್ಲರ ಹಾಗೆ ಇರುವುದು ಎಂದು ಅವಳೇ ತೀರ್ಮಾನ ಮಾಡಿಕೊಂಡಿದ್ದಳು. ಬಸ್ಸಿನಲ್ಲಿ ಒಂದು ತುತ್ತೂ ತಿನ್ನಲಿಲ್ಲ.

ಮೈದಾನದ ಬಾಗಿಲಲ್ಲಿ ಮೇಜು ಹಾಕಿಕೊಂಡು ಒಬ್ಬ ಅಧಿಕಾರಿ ಕಾರ್ಡು ನೋಡಿ ಒಳಗೆ ಬಿಡುತ್ತಿದ್ದರು. ಟೀಚರ್ ಕೊಟ್ಟ ಭುವನಾಳ ಕಾರ್ಡು ನೋಡಿದರು. ಅವಳನ್ನು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ಕಾರ್ಡು ನೋಡಿದರು.

"ಇಂದ ಪೊಣ್ಣು ಎಂಗೇಮ್ಮಾ" ಎಂದರು. ಈ ಹುಡುಗಿ ಎಲ್ಲಿದ್ದಾಳಮ್ಮಾ ಎಂದು ಆ ಹುಡುಗಿಯನ್ನೇ ಕೇಳಿದರು.

"ನಾನ್‌ದಾನ್ ಸಾರ್" ಎಂದಳು ಭುವನಾ. ನಾನೇ ಸಾರ್.

ಅವರು ಕಾರ್ಡನ್ನು ಮೇಜಿನ ಮೇಲೆ ಬೋರಲು ಹಾಕಿ, "ಆಳ್‌ಮಾರಾಟ್ಟಂ" ಎಂದರು. ಒಬ್ಬರ ಬದಲು ಇನ್ನೊಬ್ಬರನ್ನು ತಂದು ನಿಲ್ಲಿಸುವ ಮೋಸಕ್ಕೆ ತಮಿಳಿನಲ್ಲಿ ಹಾಗೆನ್ನುತ್ತಾರೆ. ಆ ಮಾತು ನನಗೆ ಚೆನ್ನಾಗಿಯೇ ಗೊತ್ತು. ಆದರೆ ಹೆದರಿಕೊಂಡ ಹೊತ್ತಿನಲ್ಲಿ ನನ್ನ ಕಿವಿಯೂ ಅತ್ತೆಯವರ ಕಿವಿಯಾಗುತ್ತದೆ. ಆಳು ಮಾರಾಟ ಎಂದು ಕೇಳಿಸಿತು. ಮಗಳನ್ನು ಮಾರಲು ತಂದಿದ್ದೇನೆಂದು ತಿಳಿದುಕೊಂಡರೋ ಏನೋ ಎಂದು ಭುವನಾಳ ತೋಳು ಹಿಡಿದುಕೊಂಡೆ.

ಭುವನಾ ಬೋರಲು ಬಿದ್ದಿದ್ದ ಕಾರ್ಡನ್ನು ತಿರುಗಿಸಿ ಮೊದಲ ಸಲ ತನ್ನ ಫೋಟೋ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಎಷ್ಟೋ ವರ್ಷಗಳ ಮೇಲೆ ನನ್ನೊಂದಿಗೆ ಕನ್ನಡದಲ್ಲಿ ಮಾತಾಡಿದಳು.

"ಅವ್ವಾ, ಇದ್ಕೆ ಏನ್ ಮಾಡ್ಸುದೆ?"

"ಚೂರು ಟಚಪ್ಪು, ನನ್ ಕಣ್ಣೇ."

"ಎಷ್ಟು ಚೂರು?"

"ಮೂರು."

ಅಧಿಕಾರಿಯ ಹುಬ್ಬು ಮೇಲೇರಿತು. ಇದು ಯಾವ ಭಾಷೆ ಎಂದು ಕೇಳಿದರು. ಕನ್ನಡ ಎಂದೆ. ಹಾಗಾದರೆ ಹೊರ ರಾಜ್ಯದಿಂದ ಪ್ಲೇಯರನ್ನು ಕರೆತಂದಿದ್ದೀರಾ ಎಂದರು. ಟೀಚರ್ ಮುಂದೆ ಬಂದು, ಇವರು ತೇನಿ ಕಡೆಯವರೇ, ತಲೆತಲಾಂತರದಿಂದ ಇಲ್ಲಿದ್ದಾರೆ, ಮನೆಯಲ್ಲಿ ಆಡುವುದು ಮಾತ್ರ ಕನ್ನಡ ಎಂದು ವಿವರಿಸಿದರು. ಅವರು ಸಮಾಧಾನವಾಗಿಯೇ ಕೇಳಿದರು. ಕೇಳಿ, "ಕನ್ನಡದವರು ಅಂದರೆ ಸೆವಪ್ಪಾಗಿರುತ್ತಾರಲ್ಲಮ್ಮಾ. ಈ ಫೋಟೋದಲ್ಲಿರುವ ಹುಡುಗಿ ಬೇಕಾದರೆ ಕನ್ನಡದವಳು ಅಂತ ಒಪ್ಪುತ್ತೇನೆ" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಒಂದೊಂದು ಭಾಷೆಗೂ ಒಂದೊಂದು ಬಣ್ಣ ಹಚ್ಚಿಟ್ಟುಕೊಂಡಿರುವುದು ಅವರೊಬ್ಬರೇ ಅಲ್ಲ.

ಆಧಾರ್ ತೋರಿಸಿದೆವು. ಅದರಲ್ಲಿದ್ದದ್ದು ಐದು ವರ್ಷದ, ಮುಂದಿನ ಎರಡು ಹಲ್ಲಿಲ್ಲದ ಭುವನಾ. ಒಳಗೆ ಅವರ ತಂಡದ ಹೆಸರು ಕೂಗುತ್ತಿದ್ದರು. ಹಿಂದೆ ಬೇರೆ ಬೇರೆ ಊರಿನ ಹುಡುಗಿಯರು, ಅವರ ತಾಯಂದಿರು ಸಾಲಾಗಿ ನಿಂತು ಕೇಳುತ್ತಿದ್ದರು. ಇನ್ನು ಬೇರೆ ದಾರಿಯಿಲ್ಲವೆಂದು, "ಸಾರ್, ಬಣ್ಣ ಏರಿಸಿದ್ದು ನಾನೇ" ಎಂದುಬಿಟ್ಟೆ.

"ಯಾಕಮ್ಮಾ?"

ಅದೊಂದು ಪ್ರಶ್ನೆಯನ್ನು ಸ್ಟುಡಿಯೋದಲ್ಲಿ ಯಾರೂ ಕೇಳಿರಲಿಲ್ಲ. "ಲಕ್ಷಣವಾಗಿರಲಿ ಅಂತ ಸಾರ್" ಎಂದೆ. ಭುವನಾ ತಲೆ ತಗ್ಗಿಸಿದಳು. ಮೊಣಕಾಲು ಒಡೆದು ರಕ್ತ ಸೋರಿದಾಗಲೂ, ಒಬ್ಬಳ ಮೇಲೆ ಆರು ಜನ ಬಿದ್ದಾಗಲೂ ಅವಳು ತಲೆ ತಗ್ಗಿಸಿದ್ದನ್ನು ನಾನು ನೋಡಿರಲಿಲ್ಲ.

ಅಧಿಕಾರಿ ಕಾರ್ಡನ್ನು ಮತ್ತೆ ಕೈಗೆತ್ತಿಕೊಂಡರು. ಕಾರ್ಡಿನ ಮೇಲೆ ತಾಯಿಯ ಹೆಸರಿದೆ, ಆ ತಾಯಿ ನೀವೇ ಎನ್ನುವುದಕ್ಕೆ ಫೋಟೋ ಇರುವ ಏನಾದರೂ ಕೊಡಿ, ನೋಡೋಣ ಎಂದರು. ನನ್ನ ಚೀಲದಲ್ಲಿ ಬ್ಯಾಂಕಿನ ಪಾಸ್‌ಬುಕ್ ಸದಾ ಇರುತ್ತದೆ. ಗೆದ್ದೆ ಎಂದುಕೊಂಡು ತೆಗೆದು ಕೊಟ್ಟೆ. ಕೊಟ್ಟ ಮೇಲೆ ನೆನಪಾಯಿತು, ಆ ಪಾಸ್‌ಬುಕ್ಕಿನ ಫೋಟೋ ಯಾವ ಸ್ಟುಡಿಯೋದ್ದೆಂದು.

ಅವರು ಪಾಸ್‌ಬುಕ್ ನೋಡಿದರು, ನನ್ನನ್ನು ನೋಡಿದರು. "ಇದು ಯಾರು?"

"ನಾನೇ ಸಾರ್."

ಪಾಸ್‌ಬುಕ್ಕನ್ನೂ ಕಾರ್ಡನ್ನೂ ಪಕ್ಕಪಕ್ಕದಲ್ಲಿ ಇಟ್ಟರು. ಮೇಜಿನ ಮೇಲೆ ಒಬ್ಬ ಬೆಳ್ಳನೆಯ ತಾಯಿ, ಒಬ್ಬ ಬೆಳ್ಳನೆಯ ಮಗಳು. ಮೇಜಿನ ಈಚೆ ಇಬ್ಬರು ಕಪ್ಪನೆಯವರು. ಅಲ್ಲೂ ಅದೇ ಮೂಗು, ಇಲ್ಲೂ ಅದೇ ಮೂಗು. ನಾಲ್ಕು ಗಲ್ಲದಲ್ಲೂ ಒಂದೇ ಗುಳಿ. ಅವರು ನಾಲ್ವರನ್ನೂ ಎರಡೆರಡು ಸಲ ನೋಡಿ ಮುಗಿಸಿದರು.

"ಎರಡೂ ಒಂದೇ ಸ್ಟುಡಿಯೋನಾ?"

"ಹೌದು ಸಾರ್."

"ಪೋಮ್ಮಾ, ಪೋಯ್ ಆಡು", ಹೋಗಿ ಆಡಮ್ಮಾ ಎಂದು ಭುವನಾಳ ಕೈಗೆ ಕಾರ್ಡು ಕೊಟ್ಟರು. ಅವಳು ಓಡಿದಳು. ನನ್ನ ಪಾಸ್‌ಬುಕ್ ವಾಪಸು ಕೊಡುತ್ತಾ, ತಮ್ಮ ಮಗಳ ಮದುವೆ ಆಲ್ಬಮ್ಮಿನಲ್ಲಿ ತಮಗೇ ಮಗಳ ಗುರುತು ಹತ್ತುವುದಿಲ್ಲವೆಂದು ಮೆಲ್ಲಗೆ ಹೇಳಿದರು. ಆಮೇಲೆ ಮುಂದಿನವರನ್ನು ಕರೆದರು.

ಅಂದು ಭುವನಾ ನನ್ನ ಕಡೆ ಒಮ್ಮೆಯೂ ನೋಡದೆ ಆಡಿದಳು. ಫೈನಲ್ಲಿನಲ್ಲಿ ಎರಡು ಪಾಯಿಂಟಿನಿಂದ ಸೋತರು. ಎರಡನೇ ಬಹುಮಾನದ ಚಿಕ್ಕ ಕಪ್ಪು ಬಂತು. ಆರಿಸುವವರು ಅವಳ ಹೆಸರು ಬರೆದುಕೊಂಡದ್ದನ್ನು ಟೀಚರ್ ನೋಡಿದ್ದರು. ವಾಪಸು ಬರುವಾಗ ಬಸ್ಸು ವತ್ತಲಗುಂಡು ದಾಟುವವರೆಗೆ ಅವಳು ಕಿಟಕಿಯಾಚೆಗೇ ನೋಡುತ್ತಿದ್ದಳು. ದಾಟಿದ ಮೇಲೆ, "ಹಾಸ್ಟೆಲು ಸಿಕ್ಕುದ್ರೆ ಅಲ್ಲೂ ಫೋಟೋ ಕೇಳ್ತಾರೆ. ನೀ ಬಾಯಿ ಬಿಡ್ಬಾರ್ದು" ಎಂದಳು. ಇದನ್ನೂ ಕನ್ನಡದಲ್ಲೇ ಹೇಳಿದಳು. ಕೋಪದಲ್ಲಾದರೂ ಭಾಷೆ ಉಳಿಯುತ್ತದೆಂದು ಗೊತ್ತಿದ್ದರೆ ಮೊದಲೇ ಒಂದೆರಡು ಸಲ ಕೋಪ ಬರಿಸಬಹುದಿತ್ತು.

ಮನೆಯ ಬಾಗಿಲಲ್ಲೇ ಅತ್ತೆ, "ಈ ಸಲವೂ ಕಪ್ಪು ಬಂತಾ" ಎಂದರು. ಒಳಗೆ ಕಡಲೆಹಿಟ್ಟಿನ ಬಟ್ಟಲು ಕಾಯುತ್ತಿತ್ತು.

"ಬಂತು ಅತ್ತೆ. ಬಂದದ್ದು ಇರ್ಲಿ" ಎಂದೆ. ಅರಿಸಿನ ಬೀಳುವ ಮೊದಲೇ ಹಿಟ್ಟನ್ನು ಕಸಿದುಕೊಂಡು ಬಜ್ಜಿ ಮಾಡಿದೆ. ಭುವನಾ ಹನ್ನೊಂದು ತಿಂದಳು.

ಮುಂದಿನ ತಿಂಗಳು ಹಾಸ್ಟೆಲಿನಿಂದ ಕಾಗದ ಬಂತು. ಅವಳ ನಾಲ್ಕು ಫೋಟೋ, ತಾಯಿಯ ಒಂದು ಫೋಟೋ ಕಳಿಸಬೇಕೆಂದಿತ್ತು. ಮತ್ತೆ ಚಿನ್ನಮನೂರಿಗೆ ಹೋದೆವು. ಸ್ಟುಡಿಯೋದ ಅಣ್ಣ ಅಭ್ಯಾಸದಂತೆ ಎಷ್ಟು ಪಾಯಿಂಟ್ ಎಂದ. "ಒಂದೂ ಬೇಡ. ಹೆಂಗವಳೋ ಹಂಗೇ ಇರ್ಲಿ" ಎಂದೆ. ಅಷ್ಟಕ್ಕೆ ಬಿಡಲಿಲ್ಲ. ಬಿಸಿಲಲ್ಲಿ ಆಡುವ ಮಕ್ಕಳ ಮುಖ ಬಿಸಿಲಿನ ಬಣ್ಣದಲ್ಲೇ ಇರಬೇಕು, ಇವರಿಂದ ದೇಶಕ್ಕೆ ಹೆಸರು ಬರುವಾಗ ನಾವು ಇವರ ಮುಖ ಒರೆಸುತ್ತಾ ಕೂತರೆ ಹೇಗೆ ಎಂದು ಒಂದು ಚಿಕ್ಕ ಭಾಷಣವನ್ನೂ ಮಾಡಿದೆ. ಅವನು ಕೈ ಕಟ್ಟಿಕೊಂಡು ಪೂರಾ ಕೇಳಿದ. ಆಮೇಲೆ ನನ್ನ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿ, "ನಿಮಗೂ ಹಂಗೇನಾ ಅಕ್ಕಾ" ಎಂದು ಕೇಳಿದ.

ನಾನು ಪರದೆಯನ್ನು ನೋಡಿದೆ. ಬೆಳಕು ಚೆನ್ನಾಗಿ ಬಿದ್ದಿರಲಿಲ್ಲ ಎನಿಸಿತು.

"ನಾನೇನು ಕಬಡ್ಡಿ ಆಡಾಕೆ ಓಯ್ತೀನಾ" ಎಂದೆ. "ಒಂದೇ ಒಂದು ಇರ್ಲಿ."

ಹಿಂದೆ ನಿಂತಿದ್ದ ಭುವನಾ, ಮೈದಾನದಲ್ಲಿ ಅಂಪೈರು ತೋರಿಸುವ ಹಾಗೆ ನೆಟ್ಟಗೆ ಕೈ ಚಾಚಿ ಒಂದು ಬೆರಳೆತ್ತಿದಳು. "ಅವ್ವಂಗೆ ಒಂದು ಪಾಯಿಂಟು" ಎಂದಳು.