ಚಿತ್ರದ ಹಿಂದಿನ ಮಾತು

ಚಿತ್ರದ ಹಿಂದೆ ಬರೆದದ್ದನ್ನು ಯಾರು ನೋಡುತ್ತಾರೆ ಎಂದುಕೊಂಡದ್ದೇ ವೆಬ್ಬಣ್ಣ ಮಾಡಿದ ತಪ್ಪು.

ವಿಶ್ವವಿದ್ಯಾಲಯದ ವೆಬ್‌ಸೈಟು ಅವನ ಸುಪರ್ದಿನಲ್ಲಿತ್ತು. ಕಿಟಕಿಯಿಲ್ಲದ ನೆಲಮಾಳಿಗೆಯಲ್ಲಿ ಕೂತು ಕೂತು ಮೂಟೆಯಲ್ಲಿ ಮೊಳೆತ ಆಲೂಗಡ್ಡೆಯಂತೆ ಬಿಳಿಚಿಕೊಂಡಿದ್ದ. ಆ ಮಧ್ಯಾಹ್ನ, ಕಣ್ಣು ಕಾಣದವರೂ ಸೈಟನ್ನು ಬಳಸಬಹುದೇ ಎಂದು ತಪಾಸಣೆ ಮಾಡಲು ಒಬ್ಬ ಮೇಡಂ ಬರುವವರಿದ್ದರು. "ಪಾಸು ಮಾಡಿಸಿದವರಿಗೆ ಗ್ರಂಥಾಲಯಕ್ಕೆ ವರ್ಗ. ಕಿಟಕಿ ಪಕ್ಕದ ಕುರ್ಚಿ!" ಎಂದಿದ್ದರು ಕುಲಪತಿಗಳು.

"ಕುರ್ಚಿ ನಂದೇ ಅಂತಿಟ್ಕೊಳ್ಳಿ," ಎಂದು ವೆಬ್ಬಣ್ಣ ಆಗಲೇ ಎಲ್ಲರಿಗೂ ಹೇಳಿಯಾಗಿತ್ತು.

ಬೆಳಿಗ್ಗೆ ಸೈಟನ್ನು ಓದಿ ಹೇಳುವ ತಂತ್ರಾಂಶ ಹಾಕಿ ಕೇಳಿದ. ಅದು ಪಾಠ ಮರೆತ ಗಿಳಿಯಂತೆ "ಚಿತ್ರ. ಚಿತ್ರ. ಚಿತ್ರ," ಎಂದಿತು. ತಂತ್ರಾಂಶ ಓದಲೆಂದು ಪ್ರತಿ ಚಿತ್ರದ ಹಿಂದೆಯೂ, ತೆರೆಯ ಮೇಲೆ ಕಾಣದಂತೆ, ಅದರಲ್ಲೇನಿದೆ ಎಂದು ಬರೆದಿರಬೇಕು. ಅವನು ಬರೆದದ್ದು 'ಚಿತ್ರ' ಎಂದಷ್ಟೇ!

"ಅಯ್ಯೋ, ಅಷ್ಟೇ ತಾನೇ? ನಾನು ಹೇಳ್ತೀನಿ, ನೀನು ಟೈಪ್ ಮಾಡು ತಮ್ಮಾ," ಎಂದು ಕರೆಯದೆಯೇ ಬಂದು ಕೂತಳು ಲೆಕ್ಕಪತ್ರ ವಿಭಾಗದ ಅಕ್ಕ. "ಇದು ಹೊಸ ಕಟ್ಟಡದ ಉದ್ಘಾಟನೆ. ಬರಿ: ಕತ್ತರಿ ಮೊಂಡು, ರಿಬ್ಬನ್ನು ಗಟ್ಟಿ, ಕುಲಸಚಿವರು ಹಲ್ಲು ಕಚ್ಚಿ ಜಗ್ಗುತ್ತಿದ್ದಾರೆ."

"ಅಕ್ಕಾ, ಇದನ್ನ ಹಾಕೋದಾ?"

"ಇರೋದನ್ನ ತಾನೇ ಹೇಳಿದ್ದು? ಬೇಡ ಅಂದ್ರೆ ಆಮೇಲೆ ತಿದ್ದಿಕೋ. ಮುಂದಿಂದು ಕುಲಪತಿಗಳದ್ದು: ಹೊಟ್ಟೆ ಒಳಗೆಳೆದುಕೊಂಡು ಉಸಿರು ಬಿಗಿಹಿಡಿದಿದ್ದಾರೆ. ಕೋಟಿನ ಗುಂಡಿ ದೇವರ ಮೇಲೆ ಭಾರ ಹಾಕಿದೆ."

ವೆಬ್ಬಣ್ಣ ನಗುನಗುತ್ತ ಒಂದೊಂದನ್ನೂ ಸೈಟಿಗೆ ಸೇರಿಸುತ್ತ ಹೋದ. ಇನ್ನು ತಿದ್ದೋಣ ಎನ್ನುವಷ್ಟರಲ್ಲಿ ಜವಾನ ಏದುಸಿರು ಬಿಡುತ್ತ ಬಂದ. "ಮೇಡಂ ಬೇಗನೇ ಬಂದ್ಬಿಟ್ರು! ಶುರು ಮಾಡ್ತಾರಂತೆ, ಬಾರಣ್ಣ!"

ಮೇಲೆ ಸಭೆಯ ಕೋಣೆಯಲ್ಲಿ ಚಹಾ ಕೊಡುವಾಕೆ ಲೋಟದ ಹಿಡಿಯನ್ನು ಮೇಡಂ ಕೈಯತ್ತ ತಿರುಗಿಸಿ, "ಬಲಗಡೆ ಇಟ್ಟಿದೀನಮ್ಮ, ಬಿಸಿ ಇದೆ," ಎಂದು ಮೆಲ್ಲಗೆ ಹೇಳುತ್ತಿದ್ದಳು. ಮೇಡಂ ನಕ್ಕು ತಲೆಯಾಡಿಸಿ ಕೀಲಿ ಒತ್ತಿದರು. ಯಂತ್ರದ ದನಿ ಕೋಣೆಯ ತುಂಬ ಮೊಳಗಿತು.

ಮೊಂಡು ಕತ್ತರಿ ಬಂತು. ಕುಲಪತಿಗಳ ಪಕ್ಕದಲ್ಲೇ ಕೂತಿದ್ದ ಕುಲಸಚಿವರು ನಿಜವಾಗಿಯೂ ಹಲ್ಲು ಕಚ್ಚಿದರು. ಹೊಟ್ಟೆ ಬಂತು, ಗುಂಡಿಯೂ ಬಂತು. ಕುಲಪತಿಗಳ ಮುಖ ಕೆಂಡವಾಯಿತು.

"ಯಾರ್ರೀ ಬರೆದಿದ್ದು ಇದನ್ನ?"

ವೆಬ್ಬಣ್ಣನ ನಾಲಿಗೆ ತಲೆಗಿಂತ ಮುಂಚೆ ಓಡಿತು. "ನಾನಲ್ಲ ಸಾರ್! ಒಂದಕ್ಷರವೂ ನಂದಲ್ಲ. ಎಲ್ಲಾ ಲೆಕ್ಕಪತ್ರದ ಅಕ್ಕನದೇ!"

ಮೇಡಂ ಜೋರಾಗಿ ನಕ್ಕರು. "ಎಲ್ಲಾ ಕಡೆ 'ಗಣ್ಯರು ನಿಂತಿದ್ದಾರೆ' ಅಂತ ಕೇಳಿ ಕೇಳಿ ಸಾಕಾಗಿತ್ತು ಸಾರ್. ಗಣ್ಯರಿಗೂ ಉಸಿರಿದೆ ಅಂತ ಇವತ್ತೇ ಮೊದಲ ಸಲ ಗೊತ್ತಾಗಿದ್ದು. ಪಾಸು! ಬರೆದ ಅಕ್ಕನಿಗೆ ನನ್ನ ಮೆಚ್ಚುಗೆ ಹೇಳಿ."

ಕುಲಪತಿಗಳು ಹಿಡಿದಿದ್ದ ಉಸಿರು ಬಿಟ್ಟರು. ಗುಂಡಿ ಉಳಿಯಿತು. "ಕೊಟ್ಟ ಮಾತಿಗೆ ತಪ್ಪೋನಲ್ಲ ನಾನು," ಎಂದವರು ಮೊದಲೇ ಸಿದ್ಧಪಡಿಸಿಟ್ಟಿದ್ದ ವರ್ಗಾವಣೆಯ ಆದೇಶದಲ್ಲಿ ವೆಬ್ಬಣ್ಣನ ಹೆಸರು ಹೊಡೆದುಹಾಕಿ ಅಕ್ಕನ ಹೆಸರು ಬರೆದರು.

ಮರುದಿನ ನೆಲಮಾಳಿಗೆಯ ಫೋನು ಬಡಿದುಕೊಂಡಿತು.

"ತಮ್ಮಾ, ನಾನು, ಕಿಟಕಿ ಪಕ್ಕದಿಂದ. ನಿಂಗೆ ಅಲ್ಲೇನೂ ಕಾಣಲ್ವಲ್ಲ ಪಾಪ, ಅದಕ್ಕೆ ದಿನಾ ನಾನೇ ಹೇಳ್ತೀನಿ. ಒಂದು ಮರ. ಕೆಳಗಿನ ಬೆಂಚಲ್ಲಿ ತೋಟದ ಮಾಲಿ ಬಾಯಿ ತೆರಕೊಂಡು ನಿದ್ದೆ ಹೊಡೀತಿದಾನೆ, ಅಳಿಲು ಅವನ ಬುತ್ತಿ ಬಿಚ್ಚಿದೆ... ಕಾಣ್ತಾ?"

"ಚೆನ್ನಾಗೇ ಕಾಣ್ತಿದೆ ಅಕ್ಕಾ," ಎಂದ ವೆಬ್ಬಣ್ಣ, ಹಲ್ಲು ಕಚ್ಚಿಕೊಂಡು.