ಕನ್ನಡಿ ಸೈಕಲ್ ಕಂಪೌಂಡರು

ಸೈಕಲ್ಲಿಗೆ ಎರಡು ಕನ್ನಡಿ ಹಾಕಿಸಿ ನೋಡಿ, ಊರಿನ ಅರ್ಧ ತಮಾಷೆ ತಾನಾಗಿಯೇ ನಿಮ್ಮ ಬೆನ್ನು ಹತ್ತುತ್ತದೆ. ನಾನು ದನದ ದವಾಖಾನೆಯಲ್ಲಿ ಕಂಪೌಂಡರ್. ಒಮ್ಮೆ ಕುತ್ತಿಗೆ ಹಿಡಿದುಕೊಂಡದ್ದು ಬಿಡಲೇ ಇಲ್ಲ. ಹಿಂದೆ ತಿರುಗಿ ನೋಡುವುದು ನಿಂತೇಹೋಯಿತು. ಹೆಂಡತಿ ಹಟ ಹಿಡಿದಳು: "ಹಿಂದ ಲಾರಿ ಬಂದ್ರ ನಿಮಗ ಗೊತ್ತಾಗಂಗಿಲ್ಲ. ಕನ್ನಡಿ ಹಾಕಿಸ್ರಿ, ಇಲ್ಲಾಂದ್ರ ಸೈಕಲ್ ಬಿಡ್ರಿ."

ರಾಯಚೂರಿನ ಸೈಕಲ್ ಶಾಪಿನ ಚಾಚಾ ಹಳೇ ಸ್ಕೂಟರಿನ ಎರಡು ಕನ್ನಡಿ ಕೂರಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಇನ್ನ ಪೆಟ್ರೋಲ್ ಹಾಕೋದೊಂದ ಬಾಕಿ ನೋಡ್ರಿ ಸಾಬ್" ಎಂದ.

ಸೀಟಿ

ಮರುದಿನವೇ ಸರ್ಕಲ್‌ನಲ್ಲಿ ಟ್ರಾಫಿಕ್ ಪೊಲೀಸ್ ಸೀಟಿ ಊದಿ ನನ್ನನ್ನು ನಿಲ್ಲಿಸಿದ. ಸೈಕಲ್ಲಿಗೆ ಕನ್ನಡಿ ಹಾಕಬಾರದೆಂದು ಕಾನೂನು ಇದೆಯೇನೋ! "ಸಾಹೇಬ್ರ, ನಂದ ಕುತ್ತಿಗಿ ತಿರುಗಂಗಿಲ್ರಿ" ಎಂದು ಶುರುಮಾಡಿದೆ.

"ಮಾತಾಡಬ್ಯಾಡ್ರಿ, ಸೈಕಲ್ ಗಟ್ಟಿ ಹಿಡೀರಿ" ಎಂದವನೇ ಕನ್ನಡಿಗೆ ಬಗ್ಗಿ ಟೋಪಿ ಸರಿಮಾಡಿಕೊಂಡ, ಮೀಸೆ ತಿರುವಿಕೊಂಡ. "ದೊಡ್ಡ ಸಾಹೇಬ್ರ ಗಾಡಿ ಬರಾಕತ್ತದ. ಹೋಗ್ರಿನ್ನ. ನಾಳಿ ಇದ ಟೈಮಿಗೆ ಬರ್ರಿ!"

ದೇವದುರ್ಗದ ಟಗರು

ಅಲ್ಲಿಂದ ದೇವದುರ್ಗಕ್ಕೆ ವರ್ಗವಾಯಿತು. ಒಬ್ಬ ಮುದುಕಿ ಅಳುತ್ತ ಬಂದಳು. ಮೊಮ್ಮಗನಂತೆ ಸಾಕಿದ ಟಗರು ಮೇವು ಬಿಟ್ಟು ಮನೆ ಮುಂದಿನ ಕಟ್ಟೆಯ ಮೇಲೆ ಮಲಗಿಬಿಟ್ಟಿತ್ತು. ನಾನು ಹೋಗಿ ಸೈಕಲ್ಲನ್ನು ಅದೇ ಕಟ್ಟೆಗೆ ಒರಗಿಸಿ, ಕೆಳಗೆ ಕೂತು ಸೂಜಿಗೆ ಔಷಧಿ ತುಂಬುತ್ತಿದ್ದೆ. ಟಗರು ಕಣ್ಣು ಬಿಟ್ಟಿತು. ಎದುರಿನ ಕನ್ನಡಿಯಲ್ಲಿ ಇನ್ನೊಂದು ಟಗರು! ದಡಕ್ಕನೆ ಎದ್ದು ನಿಂತು, ಹಿಂದೆ ಸರಿದು, ಒಂದೇ ಗುದ್ದು. ಕನ್ನಡಿ ಚೂರುಚೂರು, ಸೈಕಲ್ ಗಟಾರದಲ್ಲಿ.

"ಎಂಥಾ ಇಂಜೆಕ್ಷನ್ ಯಪ್ಪಾ!" ಎಂದು ಮುದುಕಿ ಕೈ ಮುಗಿದಳು.

"ಯವ್ವಾ, ನಾ ಇನ್ನೂ ಚುಚ್ಚೇ ಇಲ್ಲ."

ಪಕ್ಕದ ಮನೆಯ ಯಜಮಾನ ಗೋಡೆ ಮೇಲಿಂದ ಇಣುಕಿದ: "ನಮ್ಮ ಎತ್ತೂ ಮಲಗ್ಯದ್ರಿ. ನೀವ್ ಬರದಿದ್ರೂ ನಡೀತದ, ಸೈಕಲ್ ಕಳಿಸ್ರಿ."

ಮಾನ್ವಿಯ ಮೆರವಣಿಗೆ

ಹೊಸ ಕನ್ನಡಿ ಹಾಕಿಸಿಕೊಂಡು ಮಾನ್ವಿಗೆ ವರ್ಗವಾಗಿ ಬಂದೆ. ಬಾಡಿಗೆ ಮನೆ ಸಿಕ್ಕಿದ್ದು ಒಂದು ಫಂಕ್ಷನ್ ಹಾಲ್‌ನ ಪಕ್ಕದಲ್ಲೇ. ಒಂದು ಬೆಳಿಗ್ಗೆ ಫೋನ್ ಬಂತು: ಊರಾಚೆ ಒಬ್ಬಾಕೆಯ ಎಮ್ಮೆ ಈಯಲಾರದೆ ಒದ್ದಾಡುತ್ತಿದೆ, ಕರು ಅಡ್ಡ ಸಿಕ್ಕಿಕೊಂಡಿದೆ. ಡಾಕ್ಟರು ಬೇರೆ ಹಳ್ಳಿಗೆ ಹೋಗಿದ್ದರು. ನಾನೇ ಹೊರಟೆ.

ಚಹಾದಂಗಡಿ ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದರೆ, ಹಿಂದೆ ಹೂವಿನಿಂದ ಸಿಂಗಾರ ಮಾಡಿದ ಕಾರು, ಅದರ ಹಿಂದೆ ಸಾಲಾಗಿ ಟೆಂಪೋಗಳು. ಮುಂದೆ ಹೋಗಲೆಂದು ಕೈ ಬೀಸಿದೆ. ಹೋಗಲಿಲ್ಲ. ಜೋರಾಗಿ ತುಳಿದೆ, ಅವೂ ಜೋರಾದವು. ಗಾಬರಿಯಾಗಿ ಓಣಿಗೆ ತಿರುಗಿದೆ, ಅವೂ ತಿರುಗಿದವು! ಬೆವರಿಳಿಸುತ್ತ ಎಮ್ಮೆ ಮನೆಯ ಅಂಗಳಕ್ಕೆ ನುಗ್ಗಿದೆ. ಕಾರು, ಟೆಂಪೋ, ಬ್ಯಾಂಡಿನವರು ಎಲ್ಲರೂ ಹಿಂದೆಯೇ ಬಂದು ನಿಂತರು.

ಕಾರಿನಿಂದ ಬಾಸಿಂಗ ಕಟ್ಟಿಕೊಂಡ ಮದುಮಗ ಇಳಿದ. ಅವನ ಸೋದರಮಾವ ನನ್ನನ್ನು ಕೇಳಿದ: "ಹಾಲ್ ಎಲ್ಲ್ಯದರೀ? ನಾವು ಕವಿತಾಳದಿಂದ ಬಂದೀವಿ. 'ಆ ಕನ್ನಡಿ ಸೈಕಲ್ ಹಿಂದ ಹೋಗ್ರಿ, ಹಾಲ್ ಬಾಜೂಕ ಅವರ ಮನಿ ಅದ' ಅಂತ ಚಹಾದಂಗಡಿಯವ ಹೇಳಿದ."

ನಾನು ಉತ್ತರ ಕೊಡುವಷ್ಟರಲ್ಲಿ ಎಮ್ಮೆಯ ಒಡತಿ ಬಾಗಿಲಿಗೆ ಬಂದಳು. ಅಷ್ಟು ಜನರನ್ನು ನೋಡಿ ಅವಳ ಕಣ್ಣು ತುಂಬಿತು. "ನಮ್ಮ ಒಂದ ಎಮ್ಮಿ ಸಲುವಾಗಿ ಇಷ್ಟು ಮಂದಿ ಬಂದ್ರಾ?" ಎನ್ನುತ್ತ ಸೀದಾ ಮದುಮಗನ ಮುಂದೆ ಬಕೆಟ್ ನೀರು, ಸೋಪು ಇಟ್ಟಳು. "ದೊಡ್ಡ ಡಾಕ್ಟ್ರು ನೀವೇ ಏನ್ರಿ? ಲಗೂ ಕೈ ತೊಳ್ಕೋರಿ."

"ಯವ್ವಾ, ನಾ ಲಗ್ನಕ್ಕ ಹೊಂಟೀನಿ" ಎಂದ ಹುಡುಗ ಕಂಗಾಲಾಗಿ.

ಆಕೆ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ ತೋಳು ಹಿಡಿದು ಕೊಟ್ಟಿಗೆಯತ್ತ ಎಳೆದಳು:

"ಹೋಗುವಂತಿ ಬಾ ಮಗಾ. ಮದುಮಗಳು ಕಾಯ್ತಾಳ, ಕರು ಕಾಯಂಗಿಲ್ಲ. ಬಾಸಿಂಗ ಬಿಚ್ಚಿ ಆ ಗೂಟಕ್ಕ ಹಾಕು!"